ಹಲಸಿನ ತೊಟ್ಟಿಲು ಕೆತ್ತಿದ ಮಳೆಗಾಲ

ಹೋದ ತಿಂಗಳು ಶಿಗ್ಗಾಂವಿಯಲ್ಲಿ ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದೆ. ಜಿಟಿಜಿಟಿ ಮಳೆ. ದಾರಿಯಲ್ಲಿದ್ದ ಸಾಮಿಲ್ಲಿನ ಮುಂದೆ ಬಂದಾಗ ಕಾಲು ತಾನಾಗಿಯೇ ನಿಂತಿತು. ಒಳಗೆ ಹಲಸಿನ ದಿಮ್ಮಿ ಸೀಳುತ್ತಿದ್ದರು. ಗರಗಸದ ಬಾಯಿಂದ ಹಳದಿ ಪುಡಿ ಉದುರಿ ನೆಲದ ತೇವಕ್ಕೆ ಅಂಟಿಕೊಳ್ಳುತ್ತಿತ್ತು. ಆ ವಾಸನೆ ಹಣ್ಣಿನದಲ್ಲ. ಸ್ವಲ್ಪ ಒಗರು, ಸ್ವಲ್ಪ ಜೇನು, ಅದರೊಳಗೆ ಮಳೆಯ ಮಣ್ಣು. ಛತ್ರಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬಸ್ಸು ತಪ್ಪಿತು. ತಪ್ಪಿದ್ದಕ್ಕೆ ಬೇಸರವಾಗಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಇದೇ ವಾಸನೆ ತುಂಬಿಕೊಂಡಿದ್ದ ಒಂದು ಮಳೆಗಾಲ ಎದುರಿಗೆ ಬಂದು ನಿಂತಿತ್ತು.

ನಾನು ನರ್ಸು. ಆಗಲೂ ಶಿಗ್ಗಾಂವಿಯಲ್ಲೇ ಇದ್ದೆ. ಅಪ್ಪ, ಅವ್ವ, ತಮ್ಮ ಪರಶುರಾಮ ಮತ್ತು ಅವನ ಹೆಂಡತಿ ರೇಣುಕಾ ಹಾನಗಲ್ ಹತ್ತಿರದ ನಮ್ಮ ಊರಿನಲ್ಲಿದ್ದರು. ಊರಿನ ಕೊನೆಗೆ ನಮ್ಮ ಕೇರಿ. ಅದರಾಚೆ ಭತ್ತದ ಗದ್ದೆಗಳು. ಅಪ್ಪ ದುರ್ಗಪ್ಪ ಹಾನಗಲ್ಲಿನ ಒಂದು ಕಟ್ಟಿಗೆ ಅಂಗಡಿಯಲ್ಲಿ ಹರೆಯದಿಂದ ಕೆಲಸ ಮಾಡಿದವನು. ದಿಮ್ಮಿ ಹೊರುವುದಕ್ಕೆ ಸೇರಿ, ನೋಡುತ್ತ ನೋಡುತ್ತ ಉಳಿ ಹಿಡಿಯುವುದನ್ನು ಕಲಿತ. ಸುತ್ತಲಿನ ಎಷ್ಟೋ ದೊಡ್ಡ ಮನೆಗಳ ದೇವರಕೋಣೆಯ ಬಾಗಿಲುಗಳು ಅವನೇ ಕೆತ್ತಿದವು. ಬಾಗಿಲು ಕೂಡಿಸಲು ಹೋದಾಗ ಆ ಮನೆಗಳಿಗೆ ಅವನು ಹಿತ್ತಲಿನಿಂದ ಹೋಗಿ ಹಿತ್ತಲಿನಿಂದ ಬರುತ್ತಿದ್ದ. ಈಚೆಗೆ ಕಂಪ್ಯೂಟರಿನಿಂದ ಕೆತ್ತುವ ಮಷಿನ್ನು ಬಂದ ಮೇಲೆ ಅಂಗಡಿಯಲ್ಲಿ ಅವನಿಗೆ ಉಳಿದದ್ದು ಉಪ್ಪುಕಾಗದದಿಂದ ಉಜ್ಜುವುದು, ಪಾಲಿಶ್ ಹಚ್ಚುವುದು ಅಷ್ಟೇ.

ನಮ್ಮ ಮನೆಯಲ್ಲಿ ಮಾತ್ರ ಅವನು ಉಳಿಯನ್ನು ಬಿಟ್ಟಿರಲಿಲ್ಲ. ಅವ್ವ ರೊಟ್ಟಿ ಹಿಟ್ಟು ನಾದುವ ಕೊಣಮಿಗಿಯ ಅಂಚಿಗೆ ತೆನೆಸಾಲು, ಮಜ್ಜಿಗೆ ಕಡೆಯುವ ಕಡಗೋಲಿನ ತುದಿಗೆ ಕಮಲದ ಮೊಗ್ಗು, ಕೂರುವ ಮಣೆಯ ಮೂಲೆಗೆ ಒಂದು ಸಣ್ಣ ಆಮೆ. ನಾವು ಬುದ್ಧನ ದಾರಿಗೆ ಬಂದ ಮನೆತನ. ಅಪ್ಪ ಉಳಿ-ಬಾಚಿಗೆ ಅರಿಷಿಣ ಕುಂಕುಮ ಹಚ್ಚುತ್ತಿರಲಿಲ್ಲ. ಆದರೆ ಕಟ್ಟಿಗೆಗೆ ಮೊದಲ ಏಟು ಹಾಕುವ ಮುಂಚೆ ಎರಡೂ ಅಂಗೈ ಅದರ ಮೇಲಿಟ್ಟು ಸುಮ್ಮನೆ ಕೂರುತ್ತಿದ್ದ. ಸಣ್ಣವಳಿದ್ದಾಗ ಒಮ್ಮೆ ಯಾಕೆಂದು ಕೇಳಿದ್ದೆ.

"ನಿಂತಾಗ ಇದು ಉಸಿರಾಡ್ತಿತ್ತವ್ವಾ. ಈಗ ಮಲಗೇತಿ. ಮತ್ತ ಎಬ್ಬಸ್ತೇನಿ ಅಂತ ಹೇಳಿ ಕೆಲಸಾ ಹಿಡೀಬೇಕು," ಎಂದಿದ್ದ. "ದಿನಾ ಮುಟ್ಟೂ ಸಾಮಾನಿನ್ಯಾಗ ಜೀವ ಇರಬೇಕು. ದೇವರಕೋಣಿ ಬಾಗಲಾ ದಿನಕ್ಕೊಮ್ಮೆ ತಗೀತಾರ. ನಿಮ್ಮವ್ವ ಕೊಣಮಿಗಿ ಎಷ್ಟು ಸಲ ಮುಟ್ತಾಳ ನೋಡು."

ಅಂಥ ಮನುಷ್ಯ ತೊಟ್ಟಿಲನ್ನು ಮಾತ್ರ ಎಂದೂ ಮಾಡಿರಲಿಲ್ಲ. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಮರದ ತೊಟ್ಟಿಲಿರಲಿಲ್ಲ. ನಾನೂ ತಮ್ಮನೂ ಸೀರೆಯ ಜೋಳಿಗೆಯಲ್ಲಿ ಬೆಳೆದವರು. ಊರಿನಲ್ಲಿ ಗೌಡರ ಮನೆಯ ಹಳೆಯ ತೊಟ್ಟಿಲೊಂದಿತ್ತು. ಊರೊಳಗೆ ಯಾರ ಮನೆಯಲ್ಲಿ ಹೆಸರಿಡುವುದಿದ್ದರೂ ಅದನ್ನೇ ಒಯ್ಯುತ್ತಿದ್ದರು. ಅದು ಕೇರಿಯ ತಿರುವಿನವರೆಗೆ ಬರುತ್ತಿತ್ತು, ತಿರುವು ದಾಟುತ್ತಿರಲಿಲ್ಲ. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ರೇಣುಕಾ ಯಲವಿಗಿಯ ಹುಡುಗಿ. ಮಾತು ಚುರುಕು, ನಡೆ ಚುರುಕು. ಮೊದಲ ಸಲ ಬಸುರಾದಾಗ ಅವಳ ತವರಿನವರು ಖುಷಿಯಲ್ಲಿ ಏಳನೇ ತಿಂಗಳಿಗೇ ಒಂದು ತೊಟ್ಟಿಲು ತಂದಿಟ್ಟರು. ಕೂಸು ಉಳಿಯಲಿಲ್ಲ. ಖಾಲಿ ತೊಟ್ಟಿಲು ಪಡಸಾಲೆಯಲ್ಲಿ ಹಾಗೇ ನಿಂತಿತ್ತು. ಯಾರೂ ಅದನ್ನು ನೋಡಲಾರದೆ, ಕಡೆಗೆ ಸವಣೂರಿನ ನೆಂಟರಿಗೆ ಕೊಟ್ಟುಬಿಟ್ಟೆವು. ಎರಡನೆಯ ಸಲ ಯಾರೂ ಏನೂ ತರಲಿಲ್ಲ. ಆ ಕೂಸೂ ಉಳಿಯಲಿಲ್ಲ. ಆಮೇಲೆ ಅವ್ವ ಮನೆಯಲ್ಲಿ ತೊಟ್ಟಿಲು ಎಂಬ ಮಾತನ್ನೇ ಆಡಗೊಡಲಿಲ್ಲ. ಖಾಲಿ ತೊಟ್ಟಿಲು ತೂಗಬಾರದು, ಬರುವ ಮೊದಲೇ ಹಾಸಬಾರದು ಎಂಬುದು ಅವಳ ಪಾಲಿಗೆ ಬರೀ ಹಿರಿಯರ ಮಾತಾಗಿ ಉಳಿದಿರಲಿಲ್ಲ, ಕಣ್ಣಾರೆ ಕಂಡ ಸಂಗತಿಯಾಗಿತ್ತು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮಾರನೇ ದಿನ, ಇನ್ನೂ ತಿಂಗಳು ತುಂಬದೆಯೇ, ರೇಣುಕಾಗೆ ನೋವು ಬಂತು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಆಂಬುಲೆನ್ಸು. ತಡಸದ ಕ್ರಾಸಿನಲ್ಲಿ ನಾನು ಹತ್ತಿಕೊಂಡೆ. ಹೊರಗೆ ಮಳೆ ಹೇಗೆ ಸುರಿಯುತ್ತಿತ್ತೆಂದರೆ ಸೈರನ್ ಕೂಡ ನೀರಿನೊಳಗಿಂದ ಕೇಳಿದಂತಿತ್ತು. ರೇಣುಕಾ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: "ಈ ಸಲ ಬಿಡೂದಿಲ್ರೀ ಅಕ್ಕಾ. ಈ ಸಲ ಬಿಡೂದಿಲ್ಲ."

ಹೆಣ್ಣು ಕೂಸು. ನನ್ನ ಒಂದು ಅಂಗೈಯಲ್ಲಿ ಹಿಡಿಸುವಷ್ಟು. ಚರ್ಮದೊಳಗಿನ ನರಗಳೆಲ್ಲ ಕಾಣುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಕೆ ಹಚ್ಚಿದರು. ನರ್ಸಾಗಿ ಇಂಥ ಎಷ್ಟೋ ಕೂಸುಗಳನ್ನು ನೋಡಿದ್ದೆ. ಉಳಿದದ್ದನ್ನೂ ನೋಡಿದ್ದೆ, ಹೋದದ್ದನ್ನೂ ನೋಡಿದ್ದೆ. ನೋಡಿದವಳಾದ್ದರಿಂದಲೇ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು.

ಒಂದು ವಾರ ಕಳೆದಿರಬೇಕು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ರೇಣುಕಾ ನಾನು ತಂದ ರೊಟ್ಟಿ ಮುರಿಯುತ್ತ ತಟ್ಟನೆ ಹೇಳಿದಳು:

"ಅಕ್ಕಾ, ಮಾವಾರಿಗೆ ಹೇಳ್ರಿ. ತೊಟ್ಟಲಾ ಶುರು ಮಾಡಲಿ."

ನಾನು ನೀರಿನ ಬಾಟಲಿಯನ್ನು ಕೆಳಗಿಟ್ಟೆ. "ಈಗ ಬ್ಯಾಡ ರೇಣುಕಾ. ಮೊದಲ ಕೂಸು ಮನಿಗೆ ಬರಲಿ. ಆಮ್ಯಾಲ ನೋಡೂಣು."

"ಬಂದ ಮ್ಯಾಲ ಯಾರಬೇಕಾದ್ರೂ ಮಾಡ್ತಾರ್ರೀ. ಈಗ ಮಾಡಿದ್ರ ಕರದಂಗ ಆಕ್ಕೇತಿ. ನಿನಗ ಇಲ್ಲಿ ಜಾಗಾ ಐತಿ, ಬಾರವ್ವಾ ಅಂತ."

"ಅವ್ವ ಒಪ್ಪೂದಿಲ್ಲ."

"ಅತ್ತಿಯಾರು ಹೆದರ್ಯಾರ. ನೀವೂ ಹೆದರೀರಿ. ಎಲ್ಲಾರೂ ಹಿಂಗ ಹೆದರಿಕೊಂಡು ನಿಂತ್ರ ಅದು ಯಾರ ಮಾರಿ ನೋಡಿ ಬರಬೇಕು?" ಎಂದು ರೊಟ್ಟಿಯನ್ನು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ರಜೆಯ ದಿನ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಎದ್ದು ಮನೆಯ ಹಿಂದಕ್ಕೆ ಹೋದ. ಹಿಂದಿನ ವರ್ಷದ ಗಾಳಿಮಳೆಗೆ ನಮ್ಮ ಹಿತ್ತಲಿನ ಹಲಸಿನ ಮರ ಉರುಳಿತ್ತು. ಅದನ್ನು ಹಲಗೆ ಸೀಳಿಸಿ, ತಾಡಪತ್ರಿ ಮುಚ್ಚಿ ಒಣಗಲು ಇಟ್ಟಿದ್ದ. ನಮ್ಮ ಮನೆಗೆ ಇದ್ದದ್ದು ತಗಡಿನ ಬಾಗಿಲು. ಆ ಹಲಗೆಗಳಿಂದ ಒಂದು ಒಳ್ಳೆಯ ಬಾಗಿಲು ಮಾಡಿಸಬೇಕೆಂದು ಅವ್ವ ವರ್ಷದಿಂದ ಆಸೆ ಇಟ್ಟುಕೊಂಡಿದ್ದಳು. ಅಪ್ಪ ತಾಡಪತ್ರಿ ಸರಿಸಿ, ಹಲಗೆಯೊಂದರ ಮೇಲೆ ಎರಡೂ ಅಂಗೈ ಇಟ್ಟು ಕುಕ್ಕರಗಾಲಿನಲ್ಲಿ ಕೂತ.

ಅವ್ವ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು. "ಏನ್ ಮಾಡಾಕತ್ತೀರಿ? ಎರಡು ಸಲ ಸುಟಗೊಂಡಿದ್ದು ಸಾಲಲಿಲ್ಲೇನು?"

"ಸೊಸಿ ಕೇಳ್ಯಾಳ," ಎಂದ ಅಪ್ಪ.

"ಆಕಿ ಸಣ್ಣಾಕಿ. ಕೇಳ್ತಾಳ. ನೀವು ತಿಳದವರಲ್ಲಾ?"

"ಎರಡು ಕೂಸು ಕಳಕೊಂಡಾಕಿ ಸಣ್ಣಾಕಿ ಅಲ್ಲ ಬಿಡು. ಆಕಿಗೇ ಹೆದರಿಕಿ ಇಲ್ಲಂದ್ರ ನನಗ ಯಾತರ ಹೆದರಿಕಿ?"

ಅವ್ವ ಒಳಗೆ ಹೋಗಿ ಸೆರಗಿನಲ್ಲಿ ಒಂದು ಮುಷ್ಟಿ ಭತ್ತ ತಂದಳು. "ಮಾಡೂದಾದ್ರ ಮಾಡ್ರಿ. ಆದ್ರ ಒಂದು ದಿನಾನೂ ಅದು ಬರಿದ ಇರಬಾರದು. ಕೂಸು ಬರೂ ಮಟಾ ಇದನ್ನ ಅದರಾಗ ಇಡ್ತೇನಿ." ಕೇರಿಯಲ್ಲೆಲ್ಲ ಬುದ್ಧನ ಪಟ ಬಂದ ಮೇಲೂ ಎಲ್ಲಮ್ಮನನ್ನು ಬಿಡದವಳು ನಮ್ಮವ್ವ. ಅವಳು ಅಷ್ಟಕ್ಕೆ ಒಪ್ಪಿದ್ದೇ ಆ ಮಳೆಗಾಲದ ಮೊದಲ ಗೆಲುವು.

ಅಲ್ಲಿಂದ ಮುಂದೆ ಪಡಸಾಲೆಯೇ ಅಪ್ಪನ ಕೆಲಸದ ಜಾಗ. ಹೊರಗೆ ಸುರಿಯುವ ಮಳೆ, ಗದ್ದೆಯಲ್ಲಿ ನಾಟಿ ಮಾಡುವವರ ಕೂಗು, ಒಳಗೆ ಕೊಡತಿಯ ಕುಟುಕುಟು. ಅಂಗಡಿಗೆ ಹೋಗುವುದನ್ನು ಬಿಟ್ಟ. ಮಾಲೀಕರು ಹೇಳಿ ಕಳಿಸಿದರೆ, ಮನೆಯಲ್ಲಿ ಕೆಲಸ ಇದೆ ಎಂದು ಹೇಳಿ ಕಳಿಸಿದ. ನಾಲ್ಕು ಕಾಲುಗಳನ್ನು ಕಡೆದು ನುಣುಪು ಮಾಡಿದ. ಕೂಸಿನ ಕಾಲು ಬರುವ ಕಡೆಯ ಪಟ್ಟಿಗೆ ಬಾಗಿದ ಭತ್ತದ ತೆನೆಗಳನ್ನು ಕೆತ್ತಿದ. ಪಕ್ಕದ ಪಟ್ಟಿಗೆ ಎಲ್ಲ ತೊಟ್ಟಿಲುಗಳಲ್ಲೂ ಇರುವಂತೆ ಗಿಳಿ ಕೆತ್ತಲು ಗೆರೆ ಎಳೆದಿದ್ದ. ರೇಣುಕಾ ಫೋನಿನಲ್ಲಿ ತಡೆದಳು.

"ಗಿಳಿ ಬ್ಯಾಡ್ರಿ ಮಾವಾರ. ಗುಬ್ಬಿ ಮಾಡ್ರಿ. ಇಲ್ಲಿ ಕಿಟಕ್ಯಾಗ ದಿನಾ ಎರಡು ಗುಬ್ಬಿ ಬರ್ತಾವ. ಕೂಸಿನ ಗುರುತಿನವು."

ಅಪ್ಪ ನಗುತ್ತಲೇ ಗೆರೆ ಅಳಿಸಿದ. ಸಾಲಾಗಿ ಗುಬ್ಬಿಗಳು ಕೂತವು. ಒಂದು ಗುಬ್ಬಿಯ ಬಾಯಲ್ಲಿ ಕಾಳು, ಇನ್ನೊಂದರ ಬಾಯಲ್ಲಿ ಹುಲ್ಲಿನ ಕಡ್ಡಿ.

ತಲೆಯ ಕಡೆಯ ಪಟ್ಟಿಗೆ ಏನು ಎಂದು ನಾನು ಕೇಳಿದೆ.

"ಅರಳಿ ಎಲಿ. ಒಂದ ಒಂದು, ದೊಡ್ಡದು. ಗಾಳಿ ಇಲ್ಲದಾಗೂ ಆ ಎಲಿ ಅಳ್ಳಾಡತೈತಿ ನೋಡೀಯಲ್ಲಾ? ಬುದ್ಧ ಕುಂತಿದ್ದು ಅದರ ಕೆಳಗ. ಅದು ಬ್ಯಾರೆ ಮಾತು. ಈ ಕೂಸಿಗೆ ಬೇಕಾಗಿದ್ದು ಉಸಿರು. ತಲಿ ಮ್ಯಾಲ ಉಸಿರಾಡೂ ಎಲಿ ಇರಲಿ."

ಹುಬ್ಬಳ್ಳಿಯಲ್ಲಿ ಕೂಸಿನ ನಳಿಕೆ ತೆಗೆದರು. ತಾಯಿಯ ಎದೆಗೆ ಎದೆ ಹಚ್ಚಿ ಮಲಗಿಸಲು ಹೇಳಿದರು. ರೇಣುಕಾ ದಿನವಿಡೀ ಹಾಗೇ ಒರಗಿ ಕೂತಿರುತ್ತಿದ್ದಳು. ಅವಳ ಅಂಗಿಯೊಳಗಿಂದ ಕೂಸಿನ ಟೋಪಿ ಮಾತ್ರ ಕಾಣುತ್ತಿತ್ತು. ತೂಕ ಚೂರು ಚೂರೇ ಏರುತ್ತಿತ್ತು. ಏರಿದ ದಿನ ನಾನು ಊರಿಗೆ ಫೋನು ಮಾಡಿದರೆ ಪರಶುರಾಮ ತಾನು ಬಾಡಿಗೆಗೆ ಓಡಿಸುವ ಗಾಡಿಯನ್ನು ಎಲ್ಲಿದ್ದರೆ ಅಲ್ಲೇ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ.

ಆ ದಿನಗಳಲ್ಲೇ ಗೌಡರ ಮನೆಯ ಹಿರಿಯರಾದ ನೀಲವ್ವನವರು ನಮ್ಮ ಮನೆಗೆ ಬಂದರು. ಕೇರಿಯ ತಿರುವನ್ನು ಅವರು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊಣಕಾಲು ನೋವಿನ ಮುದುಕಿ, ಕೋಲೂರಿಕೊಂಡು ಕೆಸರಿನಲ್ಲಿ ಬಂದಿದ್ದರು. ಅಂಗಳದಲ್ಲೇ ನಿಂತು ಹೇಳಿದರು:

"ದುರ್ಗಪ್ಪಾ, ಮೊಮ್ಮಗಳು ಬರ್ತಾಳಂತಲ್ಲಾ. ನಮ್ಮ ತೊಟ್ಟಲಾ ಒಯ್ಯಿ. ಮನ್ಯಾಗ ಎಲ್ಲಾರಿಗೂ ಹೇಳೇನಿ. ಯಾರೂ ಏನೂ ಅನ್ನೂದಿಲ್ಲ."

ಅವ್ವ ಒಳಗಿನಿಂದ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ನಿಂತ. ಅಂಗಿಗೆ ಅಂಟಿದ್ದ ಹಳದಿ ಪುಡಿ ಕೊಡವಿಕೊಂಡ.

"ನೀವು ಬಂದು ಕೇಳಿದ್ರಲ್ಲಾ ಅವ್ವಾರ, ಅದು ದೊಡ್ಡದು. ಆದ್ರ ನಮ್ಮ ಕೂಸು ನಮ್ಮ ತೊಟ್ಟಲದಾಗ ಮಲಗತೈತಿ. ಬರ್ರಿ, ಒಳಗ ಬಂದು ನೋಡ್ರಿ."

ಮುದುಕಿ ಒಂದು ಗಳಿಗೆ ತಡೆದರು. ಆಮೇಲೆ ಕೋಲನ್ನು ಗೋಡೆಗೆ ಆನಿಸಿ ಪಡಸಾಲೆ ಹತ್ತಿದರು. ಅರಳಿ ಎಲೆಯ ನಡುನರದ ಮೇಲೆ ಬೆರಳು ಎಳೆದರು, ಗುಬ್ಬಿಗಳನ್ನು ಒಂದೊಂದಾಗಿ ಮುಟ್ಟಿದರು. ಒಳಗಿದ್ದ ಭತ್ತದ ಮುಷ್ಟಿಯನ್ನು ಕಂಡು ಅದಕ್ಕೆ ಕೈಮುಗಿದರು. "ಇಂಥಾದ್ದು ನಮ್ಮ ಮನ್ಯಾಗೂ ಇಲ್ಲ," ಎಂದರು. ಅವ್ವ ಚಹಾ ತಂದಳು. ಅವರು ಕುಡಿದರು. ಕೇರಿಯ ಅರ್ಧ ಜನ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ. ಆಗಲೇ ಕೂತು ಕೆಲಸ ಹಿಡಿದಿದ್ದ.

ಎಲ್ಲ ಸರಿಹೋಯಿತು ಎನ್ನುವಾಗ ಕೂಸಿಗೆ ಜ್ವರ ಬಂತು. ರಕ್ತದಲ್ಲಿ ಸೋಂಕು ಎಂದರು. ಮತ್ತೆ ಗಾಜಿನ ಪೆಟ್ಟಿಗೆ, ಮತ್ತೆ ನಳಿಕೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಗೊತ್ತಲ್ಲ ಸಿಸ್ಟರ್, ಎರಡು ದಿನ ಕಾಯಬೇಕು," ಎಂದರು. ನನಗೆ ಗೊತ್ತಿತ್ತು. ಅದಕ್ಕೇ ಮನೆಗೆ ಫೋನು ಮಾಡಲು ಕೈ ಬರಲಿಲ್ಲ. ಕಡೆಗೆ ಮಾಡಿದೆ. ಅಪ್ಪ ಕೇಳಿಸಿಕೊಂಡು "ಹೂಂ" ಎಂದ. ಉಳಿ ಕೆಳಗಿಟ್ಟ ಸದ್ದು ಫೋನಿನಲ್ಲಿ ಕೇಳಿತು.

ಮರುದಿನ ಬೆಳಿಗ್ಗೆ ಊರಿಗೆ ಹೋದಾಗ ಅಪ್ಪ ತೊಟ್ಟಿಲಿನ ಮೇಲೆ ಪಂಚೆ ಹೊದಿಸಿ ಗೋಡೆಗೆ ಒರಗಿ ಕೂತಿದ್ದ. ಉಳಿಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ. ಅವ್ವ ಮೂಲೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ರೇಣುಕಾ.

"ಅಕ್ಕಾ, ಮನ್ಯಾಗ ಅದೀರೇನು? ಫೋನು ಜೋರಾಗಿ ಹಚ್ರಿ. ಮಾವಾರ, ಕೇಳಸತೈತೇನು?"

"ಕೇಳಸತೈತವ್ವಾ."

"ಕೆಲಸಾ ನಿಲ್ಲಿಸೀರೇನು?"

ಅಪ್ಪ ಗೋಣಿಚೀಲದ ಕಡೆ ನೋಡಿದ.

"ನಿಲ್ಲಸಬ್ಯಾಡ್ರಿ. ಡಾಕ್ಟರು ತಮ್ಮ ಕೆಲಸಾ ಮಾಡಾಕತ್ತಾರ. ಕೂಸು ತನ್ನ ಕೆಲಸಾ ಮಾಡಾಕತ್ತೈತಿ. ನಾನು ಇಲ್ಲೇ ಪೆಟಗಿ ಮುಂದ ನಿಂತೇನಿ. ನೀವು ನಿಮ್ಮ ಕೆಲಸಾ ಮಾಡ್ರಿ. ಈಗ ಮಾಡ್ರಿ, ನನಗ ಕೇಳಸಬೇಕು."

ಅಪ್ಪ ಎದ್ದ. ಗೋಣಿಚೀಲ ಬಿಚ್ಚಿದ. ಪಂಚೆ ತೆಗೆದ. ಕೊಡತಿ ಎತ್ತಿ ಉಳಿಯ ಮೇಲೆ ಒಂದು ಏಟು ಹಾಕಿದ, ಇನ್ನೊಂದು ಹಾಕಿದ. ನಾನು ಫೋನನ್ನು ಅವನ ಕೈಯ ಹತ್ತಿರ ಹಿಡಿದು ಕೂತೆ. ಆಚೆ ಕಡೆ ರೇಣುಕಾ ಫೋನು ಇಡದೆ ಕೇಳುತ್ತಲೇ ಇದ್ದಳು. ಅರಳಿ ಎಲೆಯ ಸಣ್ಣ ನರಗಳನ್ನು ಅಪ್ಪ ಬಿಡಿಸಿದ್ದು ಆ ಹೊತ್ತಿನಲ್ಲಿ.

ತೊಟ್ಟಿಲಿನ ಹಳೆಯ ಭತ್ತ ತೆಗೆದು ಹೊಸದು ಇಡಲು ಅವ್ವ ಬಂದಳು. ಹಳೆಯದನ್ನು ಮುಷ್ಟಿಯಲ್ಲಿ ಎತ್ತಿ, ಬಿಚ್ಚಿ ನೋಡಿ ನನ್ನನ್ನು ಕರೆದಳು. ಕಾಳುಗಳೆಲ್ಲ ಬಿಳಿ ಮೊಳಕೆ ಒಡೆದಿದ್ದವು. ಮಳೆಗಾಲದ ತೇವಕ್ಕೆ ಭತ್ತ ಮೊಳೆಯುವುದು ದೊಡ್ಡ ಮಾತಲ್ಲ, ಅದು ನನಗೂ ಗೊತ್ತು. ಆದರೂ ಬಗ್ಗಿ ನೋಡಿದೆ. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಮಳೆಯಲ್ಲೇ ಗದ್ದೆಗೆ ಹೋಗಿ, ಬದುವಿನ ಪಕ್ಕ ಊರಿ ಬಂದಳು. ಒದ್ದೆ ಸೀರೆಯಲ್ಲಿ ನಿಂತು, "ಬರ್ತಾಳ ತಗೋ," ಎಂದಳು.

ಎರಡು ದಿನ ಕಳೆಯಿತು. ಜ್ವರ ಇಳಿಯಿತು. ಮೂರನೆಯ ದಿನ ನಾನು ವಾರ್ಡಿಗೆ ಹೋದಾಗ ಬಾಗಿಲಲ್ಲೇ ಒಂದು ಅಳು ಕೇಳಿತು. ಗಟ್ಟಿ ಅಳು; ಹಸಿವಾದ, ಸಿಟ್ಟು ಬಂದ, ಬದುಕಬೇಕೆನ್ನುವ ಕೂಸಿನ ಅಳು. ರೇಣುಕಾ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ನಕ್ಕಳು. ಅಷ್ಟು ದಿನ ಬಾರದ ಕಣ್ಣೀರು ಆಗ ಬಂತು, ಇಬ್ಬರಿಗೂ.

ಪಂಚಮಿ ಹಬ್ಬದ ಮುಂಚಿನ ದಿನ ಕೂಸನ್ನು ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಮರಗಳಿಗೆಲ್ಲ ಜೋಕಾಲಿ ಕಟ್ಟಿದ್ದರು, ಹುಡುಗಿಯರು ಮಳೆಯ ನಡುವೆಯೇ ಜೀಕುತ್ತಿದ್ದರು. ಪರಶುರಾಮ ತನ್ನ ಗಾಡಿಯನ್ನು ತೊಳೆದು, ಹೂ ಕಟ್ಟಿ, ಯಾರೋ ಹಿರಿಯರನ್ನು ಕರೆತರುವವನಂತೆ ನಿಧಾನ ಓಡಿಸಿದ. ಹಬ್ಬಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳಿಂದ ಕೇರಿ ತುಂಬಿತ್ತು. ಹಬ್ಬದ ಮಾರನೇ ದಿನವೇ ಹೆಸರಿಡೋಣ ಎಂದು ಎಲ್ಲರೂ ಸೇರಿ ನಿಶ್ಚಯಿಸಿದರು.

ಆಗ ಒಂದು ತೊಡಕು ಎದ್ದಿತು. ನಮ್ಮದು ತಗಡಿನ ಸೂರು. ತೊಟ್ಟಿಲು ತೂಗುಹಾಕಲು ಗಟ್ಟಿ ತೊಲೆಯೇ ಇರಲಿಲ್ಲ. ಅಪ್ಪ ಮತ್ತು ಪರಶುರಾಮ ಬಾಗಿಲಿನ ಚೌಕಟ್ಟಿಗೆಂದು ಸೀಳದೆ ಉಳಿಸಿದ್ದ ಹಲಸಿನ ದಿಮ್ಮಿಯನ್ನು ಹೊತ್ತು ತಂದು, ಗೋಡೆಯಿಂದ ಗೋಡೆಗೆ ಕೂಡಿಸಿದರು. ಕೇರಿಯ ಗಂಡಸರೆಲ್ಲ ಹೆಗಲು ಕೊಟ್ಟರು. ಅವ್ವನ ಬಾಗಿಲಿಗೆ ಇನ್ನು ಒಂದು ತುಂಡು ಕಟ್ಟಿಗೆಯೂ ಉಳಿಯಲಿಲ್ಲ. "ತಗಡಿಂದ ಇರಲಿ ಬಿಡ್ರಿ. ಒಳಗ ಇರೂದು ಚಂದ ಐತಿ," ಎಂದಳು.

ಹೆಸರಿಡುವ ದಿನ ಮಳೆ ಬಿಡುವು ಕೊಟ್ಟಿತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲವ್ವನವರು ಬಂದು ಚಾಪೆಯ ಮೇಲೆ ನಮ್ಮವ್ವನ ಪಕ್ಕದಲ್ಲಿ ಕೂತು, ಗುಗ್ಗರಿಯನ್ನು ಎಲ್ಲರಂತೆ ಸೆರಗಿನಲ್ಲಿ ಹಾಕಿಸಿಕೊಂಡರು. ಕೂಸಿಗಿಂತ ಮೊದಲು ತೊಟ್ಟಿಲಿನಲ್ಲಿ ಗುಂಡುಕಲ್ಲನ್ನು ಮಲಗಿಸಿ ತೆಗೆದರು. ಆಮೇಲೆ ಕೂಸನ್ನು ಕೈಯಿಂದ ಕೈಗೆ, ತೊಟ್ಟಿಲಿನ ಕೆಳಗಿಂದ ಮೇಲೆ ದಾಟಿಸಿ, ಅರಳಿ ಎಲೆಯ ಕೆಳಗೆ ತಲೆ ಬರುವಂತೆ ಮಲಗಿಸಿದರು. ಸೋದರತ್ತೆ ನಾನು. ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿದೆ: "ಗೌತಮಿ." ಹೇಳಿ ಮುಗಿಸುವುದರೊಳಗೆ ಹೆಂಗಸರೆಲ್ಲ ಸೇರಿ ವಾಡಿಕೆಯಂತೆ ನನ್ನ ಬೆನ್ನಿಗೆ ಗುದ್ದಿದರು. ರೇಣುಕಾಳ ಗುದ್ದು ಎಲ್ಲರಿಗಿಂತ ಜೋರಾಗಿತ್ತು. ನಗೆಯ ಗದ್ದಲಕ್ಕೆ ಕೂಸು ಬೆಚ್ಚಿಬಿದ್ದು, ಕಣ್ಣು ತೆರೆದು, ಗುಬ್ಬಿಗಳ ಕಡೆ ನೋಡಿತು.

ತೊಟ್ಟಿಲು ತೂಗಲು ಹೆಂಗಸರು ಹಗ್ಗಕ್ಕೆ ಕೈ ಹಾಕಿದಾಗ ರೇಣುಕಾ ತಡೆದಳು. ಅಪ್ಪ ಗಂಡಸರ ಜೊತೆ ಹೊರಗೆ ಅಂಗಳದಲ್ಲಿ ನಿಂತಿದ್ದ. ಅವಳು ಬಾಗಿಲಿಗೆ ಹೋಗಿ ಕೂಗಿದಳು.

"ಮಾವಾರ, ಒಳಗ ಬರ್ರಿ. ಮೊದಲನೇ ತೂಗು ನಿಮ್ಮದು."

"ಹೆಣಮಕ್ಕಳ ಕಾರ್ಯದಾಗ ನಾನು ಯಾಕವ್ವಾ?"

"ಮಾಡಿದವರು ನೀವಲ್ರೀ? ಬರ್ರಿ."

ಅಪ್ಪ ನಾಚಿಕೊಳ್ಳುತ್ತ ಬಂದ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹಗ್ಗ ಹಿಡಿದು, ಮೆತ್ತಗೆ ಎಳೆದು ಬಿಟ್ಟ. ತೊಟ್ಟಿಲು ಆಚೆ ಹೋಗಿ ಈಚೆ ಬಂತು. ಮೇಲಿನ ತೊಲೆ ಕಿರ್ ಎಂದಿತು. ಎಲ್ಲರ ನಗುವೂ ನಿಂತು, ಎಲ್ಲರ ಕಣ್ಣೂ ಮೇಲೆ ಹೋಯಿತು.

"ಹೆದರಬ್ಯಾಡ್ರಿ," ಎಂದ ಅಪ್ಪ. "ಅದೂ ನಂದ ಕೆಲಸ."

ಹೇಳಿ, ಇನ್ನೊಮ್ಮೆ ತೂಗಿದ. ಈ ಸಲ ಮೊದಲಿಗಿಂತ ಜೋರಾಗಿ.